ಕುಬಸದ ಸೀರೆ

ನಾನು ನೇಕಾರ, ಅದೂ ಬೆಟಗೇರಿಯ ನೇಕಾರ. ನನ್ನ ಕೈ ಕೆಟ್ಟದ್ದಲ್ಲ. ಕೆಟ್ಟದ್ದು ಬಾಯಿ, ಯಾವ ಕೆಲಸ ಬಂದರೂ ಅದು ಮೊದಲು "ನಾಳಿ ನೋಡೂಣು" ಎನ್ನುತ್ತಿತ್ತು. ಅಮಾವಾಸ್ಯೆ ಹತ್ತಿರ ಬಂದರೆ ಅಮಾವಾಸ್ಯೆ ಕಳೆಯಲಿ, ಮೋಡ ಕವಿದರೆ ನೂಲಿನ ಗಂಜಿ ಒಣಗಲಿ. ನೆಪಕ್ಕೆ ನನ್ನ ಹತ್ತಿರ ಎಂದೂ ಬರ ಬಿದ್ದಿಲ್ಲ.

ಅಪ್ಪ ಅವ್ವ ಬೇಗ ತೀರಿಕೊಂಡದ್ದರಿಂದ ನನ್ನ ತಂಗಿಗೆ ತವರೆಂದರೆ ನಾನು, ಅವಳ ವೈನಿ ಅಂದರೆ ನನ್ನ ಹೆಂಡತಿ, ಇಷ್ಟೇ. ಅವಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಾಗ ಮದುವೆ ಸೀರೆ ನಾನೇ ನೇಯುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅಕ್ಕಿಕಾಳು ಬಿದ್ದ ದಿನ ಆ ಸೀರೆ ಇನ್ನೂ ಮಗ್ಗದ ಮೇಲಿತ್ತು. ಅಂಗಡಿಯ ಸೀರೆ ಉಟ್ಟು ಮದುವೆಯಾದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕರ್ನಾಟಕ ಒಂದಾದ ವರ್ಷ ಅವಳ ಚೊಚ್ಚಲ ಬಸಿರಿನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತಾಯಿತೆಂದು ಖಬರು ಬಂತು. ತವರಿನ ಹಸಿರು ಸೀರೆ ಉಟ್ಟೇ ಬಸುರಿ ಆರತಿಗೆ ಕೂಡಬೇಕು. ಅದನ್ನು ನಾನೇ ನೇಯ್ದು ಒಯ್ಯಬೇಕು. ಈ ಸಲವೂ ತಪ್ಪಿದರೆ ಬೀಗರ ಮುಂದೆ ಅವಳು ತಲೆ ಎತ್ತುವುದು ಹೇಗೆ? ಹೊಟ್ಟೆಯ ಕೂಸಿಗೆ ನಾಳೆ ನೋಡೋಣ ಎಂದು ಹೇಳಲೂ ಬರುವುದಿಲ್ಲ.

ನಮ್ಮಲ್ಲಿ ಒಂದು ರೂಢಿಯಿದೆ. ನೇಯ್ದ ಸೀರೆಯನ್ನು ಕೊಯ್ದ ಕೂಡಲೇ, ಮಗ್ಗದಲ್ಲಿ ಉಳಿದ ಹಳೆ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ನಾನು ಮಗ್ಗದಲ್ಲಿದ್ದ ಬೇರೆಯವರ ಸೀರೆ ಕೊಯ್ದವನೇ ಕೈ ಝಾಡಿಸಿಕೊಂಡು ಚಹಾದಂಗಡಿಗೆ ಹೋದೆ. ಪಕ್ಕದ ಮನೆಯ ಆಡು ಒಳಗೆ ನುಗ್ಗಿ, ಗಂಜಿಯ ರುಚಿಗೆ ಆ ತುದಿಗಳನ್ನು ಜಗಿದು ಎಳೆದು, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಿಂದಲೇ ಅರ್ಧದಷ್ಟನ್ನು ಕಿತ್ತು ಹಾಕಿತ್ತು. ಈಗ ಅಷ್ಟೂ ಜಾಗಕ್ಕೆ ಹೊಸ ಎಳೆಗಳನ್ನು ಹಣಿಗೆಯ ಸಂದಿಯಲ್ಲಿ ಒಂದೊಂದೇ ತೂರಿಸಬೇಕು, ಉಳಿದರ್ಧ ಕೆಚ್ಚಬೇಕು.

ಬಾಗಿಲಲ್ಲಿ ನಿಂತೇ ಅದನ್ನು ನೋಡಿದೆ. ಮಾಡಿದ್ದೇನು? ಮತ್ತೆ ಚಹಾದಂಗಡಿ. ಅಲ್ಲಿ ದಿನವೂ ಏಕೀಕರಣದ್ದೇ ಮಾತು. ಯಾವ ಊರು ಎತ್ತ ಸೇರಬೇಕೆಂದು ನನ್ನಷ್ಟು ದೊಡ್ಡ ದನಿಯಲ್ಲಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಹೀಗೆ ನಾಲ್ಕು ದಿನ ಹೋದವು. ಐದನೆಯ ಬೆಳಿಗ್ಗೆ ಟೊಪ್ಪಿಗೆ ಇಟ್ಟುಕೊಂಡು ಹೊರಟರೆ, ಎಳೆ ಹೊಸೆಯುವಾಗ ಬೆರಳಿಗೆ ಹಚ್ಚಿಕೊಳ್ಳುವ ಬೂದಿಯ ಬಟ್ಟಲು ಹಿಡಿದು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನಾಡು ಕೂಡಸಾಕ ಭಾಳ ಮಂದಿ ಅದಾರ್ರಿ. ಈ ಎಳಿ ಕೂಡಸಾಕ ನೀವೊಬ್ಬರ ಇದ್ದೀರಿ. ಸೀರಿ ನೇಯ್ರಿ ಅನ್ನಂಗಿಲ್ಲ ನಾ. ಚಹಾ ಕುದಿಯೂತನಕ ಒಂದು ಹಿಡಿ ಕೆಚ್ರಿ, ಸಾಕು."

ಸಿಟ್ಟು ನೆತ್ತಿಗೇರಿತು. ಆದರೆ ಚಹಾ ಕುದಿಯುವ ತನಕ ತಾನೇ ಎಂದು ಕೂತೆ. ಚಹಾ ಬಂತು, ಆರಿತು, ನಾನು ಏಳಲಿಲ್ಲ. ಇಡೀ ಸೀರೆಗೆ ಹೆದರಿ ಓಡಾಡುತ್ತಿದ್ದವನಿಗೆ ಒಂದು ಹಿಡಿ ಎಳೆಯಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಮರುದಿನವೂ ಅವಳು ಕೇಳಿದ್ದು ಒಂದೇ ಹಿಡಿ. ನೇಯಲು ತೊಡಗಿದ ಮೇಲೆ ಇನ್ನೊಂದು ಉಪಾಯ ಮಾಡಿದಳು: ಅಂಚಿನ ಚಿತ್ತಾರ ಮುಗಿದಾಗ ಏಳಗೊಡುತ್ತಿರಲಿಲ್ಲ, ಮುಂದಿನದು ಅರ್ಧವಾದ ಮೇಲೆಯೇ ಊಟಕ್ಕೆ ಕರೆಯುತ್ತಿದ್ದಳು. ಅರ್ಧಕ್ಕೆ ಬಿಟ್ಟದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಬೆಳಿಗ್ಗೆ ಎದ್ದವನೇ ಮಗ್ಗದ ಕುಣಿಗೆ ಕಾಲಿಳಿಸುತ್ತಿದ್ದೆ. ಕಡೆಗೆ ಸೆರಗೂ ಮುಗಿದಾಗ ಕುಬಸಕ್ಕೆ ಇನ್ನೂ ಎರಡು ದಿನ ಉಳಿದಿತ್ತು. ನನಗೇ ನಂಬಿಕೆ ಬರಲಿಲ್ಲ, ಗೋಡೆಯ ಪಂಚಾಂಗ ಎರಡು ಸಲ ನೋಡಿದೆ.

ಮನೆಗೆಲಸ ಬಿಟ್ಟು ಹೆಂಡತಿ ಬರುವಂತಿರಲಿಲ್ಲ. ಮುನ್ನಾದಿನ ಮಧ್ಯಾಹ್ನವೇ ಒಬ್ಬನೇ ಮೋಟರಿನಿಂದ ಲಕ್ಷ್ಮೇಶ್ವರದಲ್ಲಿ ಇಳಿದೆ. ಅಂದು ನನ್ನ ನಡಿಗೆ ನೋಡಬೇಕಿತ್ತು, ಪೇಟೆಯೆಲ್ಲ ನನ್ನದೇ ಎನ್ನುವ ಹಾಗಿತ್ತು. ತಂಗಿ ಗಂಟು ಬಿಚ್ಚಿ ಸೀರೆಯ ಮೇಲೆ ಕೈಯಾಡಿಸಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯಿಂದ ಇನ್ನೊಂದು ಹಸಿರು ಸೀರೆ ತಂದಳು. ಅಂಗಡಿಯದು, ಮಡಿಕೆ ಬಿಚ್ಚಿರಲಿಲ್ಲ. ತವರಿನ ಸೀರೆ ಬರುವುದಿಲ್ಲವೆಂದು ಮೊದಲೇ ತರಿಸಿಟ್ಟುಕೊಂಡಿದ್ದಳು. ನಾಚಿಕೆಯಿಂದ ನನ್ನ ತಲೆ ತಗ್ಗಿತು.

ಅವಳು ಅದನ್ನು ನನ್ನ ತೊಡೆಯ ಮೇಲಿಟ್ಟಳು.

"ಇದನ್ನ ವೈನಿಗೆ ಒಯ್ಯಿ ಅಣ್ಣಾ. ನೀ ಹೊತ್ತಿಗೆ ಬಂದೀ ಅಂದ್ರ, ಅದು ಆಕಿ ಕೆಲಸನ ಐತಿ."