ಕೇಳೂದಿದ್ರ ನನ್ನ ಕೇಳ್ರಿ

ಚಾಚಿಯ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ವರ್ಷಗಟ್ಟಲೆ ಲಿಂಬೆಹಣ್ಣು ಆರಿಸಿ ಆರಿಸಿ ಅದು ಬೆಳ್ಳಗಾಗಿ, ಸಿಪ್ಪೆ ಸುಲಿದ ಶೇಂಗಾಬೀಜದಷ್ಟು ನುಣ್ಣಗಾಗಿತ್ತು. ಉಗುರಿನ ಸುತ್ತ ಮಾತ್ರ ಸಣ್ಣ ಸಣ್ಣ ಬಿರುಕು. ಇಂಡಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಚಾಚಾ ತೀರಿಕೊಂಡ ಮೇಲೆ ಲಿಂಬೆ ವ್ಯಾಪಾರ ಅವರದೇ. ಮಗ ಟೆಂಪೋದಲ್ಲಿ ಹಣ್ಣು ಹೇರಿಕೊಂಡು ಸೋಲಾಪುರಕ್ಕೆ ಹೋಗುತ್ತಿದ್ದ. ತೋಟಗಳಿಂದ ಬಂದ ಚೀಲಗಳನ್ನು ಅಂಗಳದಲ್ಲಿ ಸುರಿದರೆ, ಚಾಚಿ ಸೆರಗು ಸೊಂಟಕ್ಕೆ ಸಿಗಿಸಿ ರಾಶಿಯ ಮುಂದೆ ಕೂರುವರು. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ, ಕಲೆ ಬಿದ್ದದ್ದು ಉಪ್ಪಿನಕಾಯಿಗೆ. ಕೈ ಹಣ್ಣು ಆರಿಸುತ್ತಿದ್ದರೆ ಬಾಯಿ ಓಣಿಯ ಸುದ್ದಿ ಆರಿಸುತ್ತಿತ್ತು.

ಆ ಬೆರಳಿನ ದೆಸೆಯಿಂದ ರೇಷನ್ ಅಂಗಡಿಯ ಯಂತ್ರಕ್ಕೆ ಚಾಚಿಯ ಗುರುತೇ ಹತ್ತುತ್ತಿರಲಿಲ್ಲ. ತಿಂಗಳಿಗೊಮ್ಮೆ ಅದೊಂದು ರಾಮಾಯಣ. ಬೆರಳು ಒರೆಸಿ ಒತ್ತುವುದು, ಅದು ಒಲ್ಲೆ ಅನ್ನುವುದು, ಇನ್ನೊಂದು ಬೆರಳು ಒತ್ತುವುದು, ಅದಕ್ಕೂ ಒಲ್ಲೆ ಅನ್ನುವುದು. ಖಾಲಿ ಚೀಲ ಹಿಡಿದು ವಾಪಸು ಬರುವಾಗ ಚಾಚಿ ತಲೆ ತಗ್ಗಿಸಿ ಬರುತ್ತಿದ್ದರೇ? "ಇವತ್ತೂ ನನ್ನ ಹೊಳ್ಳಿ ಕಳಿಸೈತಿ ನೋಡ್ರಿ ಆ ಡಬ್ಬಿ!" ಎಂದು ಓಣಿಗೆಲ್ಲ ಸಾರಿಕೊಂಡೇ ಬರುತ್ತಿದ್ದರು.

ನಮ್ಮ ಮನೆಯ ರೀತಿಯೇ ಬೇರೆ. ಅಪ್ಪ ತಾಂಬಾದ ಹೈಸ್ಕೂಲಿನಲ್ಲಿ ಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಒಳ್ಳೆಯ ಸುದ್ದಿಯನ್ನು ಎರಡೂ ಭಾಷೆಯಲ್ಲಿ ಹೇಳುತ್ತಿದ್ದೆವು, ಕೆಟ್ಟ ಸುದ್ದಿಯನ್ನು ಯಾವ ಭಾಷೆಯಲ್ಲೂ ಹೇಳುತ್ತಿರಲಿಲ್ಲ.

ನನಗೆ ನರ್ಸ್ ಆಗುವ ಆಸೆ ಹುಟ್ಟಿದ್ದು ಅಜ್ಜಿಯನ್ನು ವಿಜಯಪುರದ ಆಸ್ಪತ್ರೆಗೆ ಸೇರಿಸಿದ್ದಾಗ. ನಮ್ಮ ಯಾರ ಮಾತಿಗೂ ಬಗ್ಗದ ಅಜ್ಜಿ, ಅಲ್ಲಿನ ಸಿಸ್ಟರ್ ಒಬ್ಬರು ಬಂದು ದಿಂಬು ಸರಿಮಾಡಿದರೆ ಸಾಕು, ಸುಮ್ಮನೆ ಬಾಯಿ ತೆರೆದು ಗುಳಿಗೆ ನುಂಗುತ್ತಿದ್ದಳು. ಆ ಸಿಸ್ಟರ್ ಕೈಯಲ್ಲಿ ಏನಿದೆ ಎಂದು ನೋಡುತ್ತ ನಿಲ್ಲುತ್ತಿದ್ದೆ. ಪಿಯುಸಿ ಮುಗಿದ ಮೇಲೆ ಬಿ.ಎಸ್ಸಿ. ನರ್ಸಿಂಗಿಗೆ ಪ್ರವೇಶ ಪರೀಕ್ಷೆ ಬರೆದೆ. ಖಾಸಗಿ ಕಾಲೇಜು ನಮ್ಮ ಕೈಗೆ ಎಟುಕುವ ಮಾತಲ್ಲ. ಸಿಕ್ಕರೆ ಸರ್ಕಾರಿ ಸೀಟೇ ಸಿಗಬೇಕು. ಅವು ಇರುವುದು ಬೆರಳೆಣಿಕೆಯಷ್ಟು, ಕಾಯುವವರು ಊರೂರಲ್ಲೂ.

ಸೀಟಿನ ಪಟ್ಟಿಗಾಗಿ ಕಾದ ಆ ದಿನಗಳನ್ನು ಈಗಲೂ ಮರೆತಿಲ್ಲ. ಮೊಬೈಲು ಕೈ ಬಿಡುತ್ತಿರಲಿಲ್ಲ. ಪಟ್ಟಿಯ ಪುಟ ತೆರೆಯುತ್ತಿರಲಿಲ್ಲ, ತೆರೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಎದುರಿನ ಅಂಗಳದಿಂದ ಚಾಚಿ ದಿನಾ ಕೂಗುವರು: "ಬಂತೇನ್ ಹುಡಿಗಿ ಲಿಸ್ಟು?" ಇಲ್ಲವೆಂದರೆ, "ಬರಲಿ ತಗೋ, ಎಲ್ಲಿ ಹೊಕ್ಕೈತಿ?" ಎಂದು ಮತ್ತೆ ಹಣ್ಣಿಗೆ ಕೈಹಾಕುವರು.

ಸೀಟು ಕೊಡುವ ಮುಂಚೆ ಒಂದು ಅಣಕು ಪಟ್ಟಿ ಬಿಡುತ್ತಾರೆ. ಸದ್ಯದ ಲೆಕ್ಕದಲ್ಲಿ ನಿಮಗೆ ಇಂಥ ಕಾಲೇಜು ಸಿಗಬಹುದು, ಬೇಕಾದರೆ ನಿಮ್ಮ ಆಯ್ಕೆ ಬದಲಿಸಿಕೊಳ್ಳಿ ಎಂದು ತೋರಿಸಲಿಕ್ಕೆ ಇರುವ ಪಟ್ಟಿ. ಅದು ಸೀಟಲ್ಲ. ಇದು ಇವತ್ತು ನನಗೆ ಚೆನ್ನಾಗಿ ಗೊತ್ತು. ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಹೆಸರಿನ ಮುಂದೆ ಕಾಲೇಜಿನ ಹೆಸರು ಕಂಡದ್ದೇ ತಡ, ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದುವ ವ್ಯವಧಾನ ಯಾರಿಗಿತ್ತು? ಅಪ್ಪ ಕನ್ನಡಕ ಹುಡುಕುವುದನ್ನೂ ಬಿಟ್ಟು ಪೇಢೆ ತರಲು ಬಜಾರಕ್ಕೆ ಓಡಿದರು.

ಓಣಿಯೆಲ್ಲ ಪೇಢೆ ತಿಂದಿತು. ತಿಂದವರು ಸುಮ್ಮನಿರುತ್ತಾರೆಯೇ? ಹಾಸ್ಟೆಲ್ಲಿಗೆಂದು ಒಬ್ಬರು ಶೇಂಗಾಹಿಂಡಿ ಕುಟ್ಟಿ ಕೊಟ್ಟರು, ಒಬ್ಬರು ಚಾದರ ಕೊಟ್ಟರು. ಚಾಚಿ ದೊಡ್ಡ ಭರಣಿ ತುಂಬ ಲಿಂಬೆ ಉಪ್ಪಿನಕಾಯಿ ತಂದಿಟ್ಟರು. ಅವ್ವ ಮಡಿಯವಳು, ಆದರೂ ಬೇಡ ಅನ್ನಲಿಲ್ಲ. ಅಡುಗೆಮನೆಗೆ ಒಯ್ಯದೆ, ಹಾಸ್ಟೆಲ್ಲಿನ ಸಾಮಾನೆಂದು ನನ್ನ ಚೀಲದ ಪಕ್ಕ ಇಟ್ಟಳು.

ನಿಜವಾದ ಪಟ್ಟಿ ಬಂದಾಗ ನನ್ನ ಹೆಸರಿನ ಮುಂದೆ ಏನೂ ಇರಲಿಲ್ಲ. ಯಂತ್ರದ ತಪ್ಪಿರಬೇಕೆಂದು ಮತ್ತೆ ಮತ್ತೆ ತೆರೆದು ನೋಡಿದೆ. ಮುಂದಿನ ಸುತ್ತಿನಲ್ಲೂ ಅದೇ ಗತಿ. ಅಪ್ಪ ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದರು: "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಇಡೀ ಓಣಿಗೆ ಪೇಢೆ ಹಂಚೇವಿ. ಮಾಸ್ತರಗ ಒಂದು ಲಿಸ್ಟ್ ಓದ್ಲಿಕ್ಕೆ ಬರೂದಿಲ್ಲ ಅಂತ ಮಂದಿ ನಗ್ತಾರ."

ಆಮೇಲೆ ಶುರುವಾಯಿತು ನೋಡಿ ನಿಜವಾದ ಸಂಕಟ. "ಯಾವಾಗ ಹೊಂಟೀ?" ಎಂದು ಸಿಕ್ಕ ಸಿಕ್ಕವರು ಕೇಳುವರು. ತಾರೀಖು ಇನ್ನೂ ಬಂದಿಲ್ಲ ಎಂದು ಅಪ್ಪ, ಬಟ್ಟೆ ಹೊಲಿಯಲು ಕೊಟ್ಟಿದ್ದೇವೆ ಎಂದು ಅವ್ವ. ಯಾರ ಮುಂದೆ ಯಾವ ಸುಳ್ಳು ಹೇಳಿದ್ದೇವೆಂದು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸ. ನಾನು ಕಿಟಕಿಯ ಪರದೆ ಸರಿಸಿ, ಓಣಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಗೆ ಕಾಲಿಡುತ್ತಿದ್ದೆ. ಬಾಗಿಲು ಬಡಿದ ಸದ್ದಾದರೆ ಒಳಕೋಣೆ ಸೇರುತ್ತಿದ್ದೆ. ಅರ್ಧ ತುಂಬಿದ ಚೀಲ ಮೂಲೆಯಲ್ಲಿ ಹಾಗೇ ಕೂತಿತ್ತು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಬಂದವಳು ಚಾಚಿಯ ಕಣ್ಣಿಗೆ ಬಿದ್ದೆ.

"ಏ ಹುಡಿಗಿ, ಬಾ ಇಲ್ಲೆ. ಗಾಡಿ ಬರೂ ಹೊತ್ತಾತು, ಆರಸಾಕ ಕೈ ಸಾಲವಲ್ದು."

ಹೋಗಿ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಹಣ್ಣು ಆರಿಸಿದೆವು. ಚಾಚಿ ತಲೆಯೆತ್ತದೆ ಕೇಳಿದರು: "ಸೀಟು ಸಿಕ್ಕಿಲ್ಲ, ಹೌದಿಲ್ಲು?"

"ಯಾರ್ ಹೇಳಿದ್ರಿ?"

"ಯಾರ್ ಯಾಕ ಹೇಳಬೇಕು? ಮಗಳನ್ನ ಕಳಸೂ ಮನಿ ಹಿಂಗ ಸಪ್ಪಗ ಇರ್ತೈತೇನು?"

ಅಷ್ಟಕ್ಕೇ ಕಟ್ಟೆಯೊಡೆಯಿತು. ಲಿಂಬೆ ಮುಟ್ಟಿದ ಕೈಯಲ್ಲೇ ಕಣ್ಣು ಒರೆಸಿಕೊಂಡು, ಉರಿ ತಾಳದೆ ಇನ್ನೂ ಜೋರಾಗಿ ಅತ್ತೆ. ಚಾಚಿ ಚೊಂಬಿನಿಂದ ನನ್ನ ಮುಖಕ್ಕೆ ನೀರು ಹಾಕಿದರು. ಹಾಕುತ್ತಲೇ ಬೈದರು: "ಇದನ್ನ ಇಷ್ಟು ದಿವಸ ಬಚ್ಚಿಟ್ಟೀರೇನು? ಯಾಕ, ಕಳವು ಮಾಡೀರೇನು? ನಿಮ್ಮಪ್ಪಗ ಹೇಳಾಕ ನಾಚಿಕಿ, ನಿನಗ ಹೇಳಾಕ ಅಳು. ಇರು, ನಾ ಹೇಳ್ತೇನಿ."

"ಬ್ಯಾಡ್ರಿ ಚಾಚಿ, ನಿಮ್ಮ ಕಾಲ ಬೀಳ್ತೀನಿ," ಎಂದು ಸೆರಗು ಹಿಡಿದೆ. ಬಿಡಿಸಿಕೊಂಡು ಹೋಗಿಯೇಬಿಟ್ಟರು.

ನಾನು ಮನೆಯೊಳಕ್ಕೆ ಓಡಿ ಕಿಟಕಿಯ ಹಿಂದೆ ನಿಂತೆ. ಒಂದೊಂದು ಬಾಗಿಲಿನಲ್ಲೂ ಅವರ ದನಿ ಕೇಳುತ್ತಿತ್ತು: "ನಮ್ಮ ಮಾಸ್ತರ ಮಗಳಿಗೆ ಸೀಟು ಸಿಕ್ಕಿಲ್ಲ. ಮೊದ್ಲ ತೋರಿಸಿದ್ದು ಖರೇ ಲಿಸ್ಟ್ ಅಲ್ಲಂತ. ಹುಡಿಗಿ ಉಂಡಿಲ್ಲ, ತಿಂದಿಲ್ಲ. ಯಾರೂ ಆಕೀನ ಏನೂ ಕೇಳಬ್ಯಾಡ್ರಿ. ಕೇಳೂದಿದ್ರ ನನ್ನ ಕೇಳ್ರಿ." ಪ್ರತಿ ಬಾಗಿಲಿಗೂ ನನ್ನ ಜೀವ ಒಂದಿಷ್ಟು ಹೋಗುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಾಚಿಯ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಇನ್ನು ಈ ಜನ್ಮದಲ್ಲಿ ಅವರ ಅಂಗಳ ತುಳಿಯುವುದಿಲ್ಲ ಅಂದುಕೊಂಡೆ.

ಸಂಜೆ ಅಪ್ಪ ಬಸ್ಸಿಳಿದು ಬರುವಷ್ಟರಲ್ಲಿ ಸುದ್ದಿ ಅವರಿಗೂ ಮುಟ್ಟಿತ್ತು. ಮನೆಗೂ ಬಾರದೆ ಎದುರಿನ ಅಂಗಳದ ಮುಂದೆ ನಿಂತರು. "ಭಾಭಿ, ನಮ್ಮ ಮನಿ ಮಾನ ಹರಾಜಿಗೆ ಇಟ್ರಿ ನೀವು."

"ಮಾಸ್ತರ್ರ, ನಿಮ್ಮ ಪೇಢೆ ನಾವೂ ತಿಂದೇವಿ. ಸಿಹಿ ಅಷ್ಟ ಮಂದಿಗೆ, ಕಹಿ ಎಲ್ಲಾ ಮನ್ಯಾಗ ಇಟ್ಕೊಂಡ್ರ ಆ ಹುಡಿಗಿ ತಡ್ಕೋತೈತೇನ್ರಿ?"

ಅಪ್ಪ ಒಳಗೆ ಬಂದು ಬಾಗಿಲು ಹಾಕಿದರು. ಅವತ್ತಿನಿಂದ ಎಷ್ಟೋ ದಿನ ಅವರಿಬ್ಬರಿಗೆ ಮಾತಿರಲಿಲ್ಲ.

ಮರುದಿನ ಎಣ್ಣೆ ತರಲು ಅವ್ವ ನನ್ನನ್ನೇ ಕಳಿಸಿದಳು. ಅಂಗಡಿಯವ "ಯಾವ ಎಣ್ಣಿ ಕೊಡ್ಲವ್ವಾ?" ಅಂದ, ಅಷ್ಟೇ. ದಾರಿಯಲ್ಲಿ ಸಿಕ್ಕವರು "ಚಾ ಆತೇನು?" ಅಂದರು. ಯಾವಾಗ ಹೊರಟಿ ಎಂದು ಒಬ್ಬರೂ ಕೇಳಲಿಲ್ಲ. ವಾಪಸು ಬರುವಾಗ ಪರದೆಯ ಹಿಂದಿನ ಆ ದಿನಗಳ ಭಾರ ಒಮ್ಮೆಲೇ ಇಳಿದು, ಯಾಕೋ ಮೈಯೆಲ್ಲ ಸುಸ್ತಾಯಿತು. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಬಸವನ ಬಾಗೇವಾಡಿಯ ಅತ್ತೆಗೆ ಚಾಚಿಯ ಈ ಹುಕುಂ ಮುಟ್ಟಿರಲಿಲ್ಲ. ಕಾಯಿಲೆಯವರನ್ನು ಮಾತಾಡಿಸಲು ಬರುವವರಂತೆ ಬಾಳೆಹಣ್ಣು, ಬಿಸ್ಕಿಟ್ ಪುಡಾ ಹಿಡಿದು ಬಂದು, ನನ್ನ ಪಕ್ಕ ಕೂತು ನಿಟ್ಟುಸಿರು ಬಿಡತೊಡಗಿದಳು. ಚಾಚಿ ನಮ್ಮ ಹೊಸ್ತಿಲ ಬಳಿ ಬಂದು ಇಣುಕಿದರು. "ಹುಡಿಗಿಗೆ ಏನ್ ಜ್ವರಾ ಬಂದಾವೇನ್ರಿ? ಬಾಳಿಹಣ್ಣು ತಂದೀರಲ್ಲ! ತರ್ರಿ ಇಲ್ಲೆ, ಆಕಿ ಗಟ್ಟಿ ಅದಾಳ, ನಾ ತಿಂತೇನಿ." ಅತ್ತೆಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ನಾನಂತೂ ಎಷ್ಟೋ ದಿನಗಳ ಮೇಲೆ ನಕ್ಕೆ.

ಆದರೆ ಮತ್ತೆ ಅರ್ಜಿ ಹಾಕುವ ಧೈರ್ಯ ನನಗಿರಲಿಲ್ಲ. ಅಪ್ಪ ಊರಿನ ಕಾಲೇಜಿನಲ್ಲೇ ಬಿ.ಎ.ಗೆ ಹೆಸರು ಹಚ್ಚಿಸಿದರು, ಹೂಂ ಅಂದೆ. ಆ ಕಾಯುವಿಕೆ, ಆ ಪುಟ, ಆ ಖಾಲಿ ಜಾಗ, ಇನ್ನೊಮ್ಮೆ ಬೇಡವೇ ಬೇಡ ಅನ್ನಿಸಿತ್ತು. ಅವ್ವ ಉಪ್ಪಿನಕಾಯಿ ಭರಣಿ ವಾಪಸು ಕೊಡಲು ಹೋದರೆ ಚಾಚಿ ಮುಟ್ಟಲಿಲ್ಲ. "ಇರಲಿ ಬಿಡ್ರಿ ವೈನಿ. ಹೊಸಾದ್ಕಿಂತ ಹಳೇದ ರುಚಿ ಇರ್ತೈತಿ."

ಆ ತಿಂಗಳು ಚೀಲ ಹಿಡಿಯಲು ನನ್ನನ್ನೇ ರೇಷನ್ ಅಂಗಡಿಗೆ ಕರೆದುಕೊಂಡು ಹೋದರು. ಬೆರಳು ಒತ್ತಿದರು, ಯಂತ್ರ ಒಲ್ಲೆ ಅಂತು. ಪಾಳಿಯಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಚಾಚಿ ಸಮಾಧಾನದಿಂದ ಸೆರಗಿಗೆ ಬೆರಳು ತಿಕ್ಕಿ ತಿಕ್ಕಿ ಒತ್ತಿದರು. ಕೊನೆಗೆ ಅಂಗಡಿಯವ ನಾಳೆ ಬನ್ನಿ ಅಂದ. ಮರುದಿನ ಮತ್ತೆ ಹೋದೆವು, ಬೆರಳು ಹತ್ತಿತು, ಅಕ್ಕಿ ಸಿಕ್ಕಿತು. ಇದನ್ನು ನನಗೆ ಪಾಠ ಕಲಿಸಲೆಂದೇ ಮಾಡಿದರು ಎಂದು ಬರೆದರೆ ಚಾಚಿ ಬಿದ್ದು ಬಿದ್ದು ನಕ್ಕಾರು. ಅವರಿಗೆ ಅಕ್ಕಿ ಬೇಕಿತ್ತು. ದಾರಿಯಲ್ಲಿ ಅವರು ಕೇಳಿದ್ದು ಬೇರೆಯೇ: "ನರ್ಸ ಯಾಕ ಆಗಬೇಕಂದಿದ್ದಿ ನೀ?" ಅಜ್ಜಿಯ ಕಥೆ ಹೇಳಿದೆ. ನನ್ನ ಕೈಯಲ್ಲಿದ್ದ ಚೀಲಕ್ಕೆ ತಾವೂ ಕೈಹಚ್ಚಿ ಅಂದರು: "ಆ ಆಸೆ ಹ್ವಾತೇನು? ಸೀಟಷ್ಟ ಹೋಗೈತಿ."

ಮುಂದಿನ ವರ್ಷ ಅರ್ಜಿ ಹಾಕಿದೆ. ಬಿ.ಎಸ್ಸಿ.ಗೂ ಹಾಕಿದೆ, ಮೂರು ವರ್ಷದ ಡಿಪ್ಲೊಮಾಕ್ಕೂ ಹಾಕಿದೆ. ಹೆದರಿಕೆ ಹೋಗಿರಲಿಲ್ಲ. ಈ ಸಲ ಮಾತ್ರ ಮುಚ್ಚಿಡುವ ಕೆಲಸ ಇರಲಿಲ್ಲ. ಒಂದೊಂದು ಪಟ್ಟಿ ಬಂದಾಗಲೂ ಚಾಚಿ ಅಂಗಳದಿಂದಲೇ ಸಾರುವರು: "ಈ ಲಿಸ್ಟಿನಾಗ ಬಂದಿಲ್ಲ, ಇನ್ನೊಂದೈತಿ!" ಓಣಿಯವರು ಕ್ರಿಕೆಟ್ ಸ್ಕೋರು ಕೇಳುವಂತೆ ಕೇಳಿಕೊಂಡು ಹೋಗುವರು. ಬಿ.ಎಸ್ಸಿ. ಮತ್ತೆ ಕೈಕೊಟ್ಟಿತು. ಡಿಪ್ಲೊಮಾದಲ್ಲಿ ಬೇರೆ ಜಿಲ್ಲೆಯ ಸರ್ಕಾರಿ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಬರೀ ಡಿಪ್ಲೊಮಾ ಎಂದು ನಾನು ಮುಖ ಸಣ್ಣದು ಮಾಡಿದರೆ ಚಾಚಿ ಗದರಿದರು: "ಅಲ್ಲೆ ಏನ್ ಸೂಜಿ ಬ್ಯಾರೆ ಇರ್ತಾವೇನು?" ಅಪ್ಪ ಅವತ್ತು ತಾವಾಗಿಯೇ ಎದುರು ಮನೆಗೆ ಹೋಗಿ ಚಾಚಿಯ ಕೈಯಲ್ಲಿ ಪೇಢೆ ಇಟ್ಟು ಬಂದರು.

ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಮನೆಗೆ ಫೋನು ಮಾಡಿದಾಗಲೆಲ್ಲ ಚಾಚಿಗೆ ಕೊಡು ಅನ್ನುತ್ತಿದ್ದೆ. "ತೋಟಕ್ಕ ಹೋಗ್ಯಾರ," ಅನ್ನುವಳು ಅವ್ವ. ಇನ್ನೊಮ್ಮೆ, "ಮಲಗ್ಯಾರ." ನಾನೂ ಪುಸ್ತಕದಲ್ಲಿ ಮುಳುಗಿದ್ದೆ, ನಂಬಿದೆ.

ಪರೀಕ್ಷೆ ಮುಗಿಸಿ ಇಂಡಿಗೆ ಬಂದಿಳಿದರೆ ಅಪ್ಪ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಎಂದೂ ಬಂದವರಲ್ಲ. ದಾರಿಯುದ್ದಕ್ಕೂ ನನ್ನ ಚೀಲ ತಾವೇ ಹಿಡಿದು ನಡೆದರು. ಓಣಿಯಲ್ಲಿ ಕೂತಿದ್ದ ಹೆಂಗಸರು "ಪರೀಕ್ಷಾ ಚಲೋ ಆದ್ವೇನವ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಒಳಗೆ ಹೋದರು. ಎದುರಿನ ಅಂಗಳ ಗುಡಿಸಿದ್ದು ಗುಡಿಸಿದಂತೆ ಇತ್ತು. ಒಂದು ಹಣ್ಣೂ ಇರಲಿಲ್ಲ.

"ಚಾಚಿ ಎಲ್ಲಿ?"

"ಮೊದಲ ಒಳಗ ನಡಿ. ಕೈಕಾಲು ತೊಳಕೋ."

"ಇಲ್ಲೇ ಹೇಳ್ರಿ ಅಪ್ಪಾ."

ಅಪ್ಪ ಚೀಲ ಕೆಳಗಿಟ್ಟರು. "ನಿನ್ನ ಮೊದಲನೇ ಪೇಪರಿನ ಹಿಂದಿನ ದಿವಸ. ಎದಿನೋವು ಅಂದ್ರು. ವಿಜಯಪುರದ ದವಾಖಾನಿ ಮುಟ್ಟಲಿಲ್ಲ. ಹೇಳಿದ್ರ ನೀ ಪರೀಕ್ಷಾ ಬಿಟ್ಟು ಬರ್ತಿದ್ದಿ. ಎಲ್ಲಾರ ಮನಿಗೂ ನಾನೇ ಹೋಗಿ ಹೇಳಿ ಬಂದೆ, ಯಾರೂ ಆಕೀಗೆ ತಿಳಿಸಬ್ಯಾಡ್ರಿ ಅಂತ."

ಬಿಟ್ಟು ಬರುತ್ತಿದ್ದೆ, ಖಂಡಿತ. ಅದು ಗೊತ್ತಿದ್ದೂ ಅಪ್ಪನ ಮೇಲೆ, ಇಡೀ ಓಣಿಯ ಮೇಲೆ ತಡೆಯಲಾರದ ಸಿಟ್ಟು ಬಂತು. ಕೆಟ್ಟ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದವರು ನಮ್ಮಲ್ಲಿ ಒಬ್ಬರೇ ಇದ್ದರು. ಅವರು ಹೋದ ಸುದ್ದಿಯನ್ನು ಹೇಳುವವರೇ ಇರಲಿಲ್ಲ.

ಅವರ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಹೊಟ್ಟೆಯಿಂದ ಎದ್ದು ಬಂತು, ತಡೆಯಲು ಹೋಗಲಿಲ್ಲ. ಅವ್ವ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕರೆದಳು: "ಒಳಗ ಬಾರವ್ವಾ, ಮಂದಿ ನೋಡ್ತಾರ."

"ನೋಡಲಿ ಬಿಡವ್ವಾ," ಅಂದೆ.

ಬಾಗಿಲುಗಳು ಒಂದೊಂದಾಗಿ ತೆರೆದವು. ನಾನು ಅಳು ನಿಲ್ಲಿಸಲಿಲ್ಲ.