ಕೊನೆಗೆ ಉಣ್ಣುವ ಪುಟ್ಟಯ್ಯ

ತರೀಕೆರೆಯಲ್ಲಿ ಒಂದು ಕಾಲೇಜು ಹಾಸ್ಟೆಲ್ಲಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವವರು ಪುಟ್ಟಯ್ಯ. ಆ ಹಾಸ್ಟೆಲ್ಲಿನಲ್ಲಿ ಜೀವಮಾನವಿಡೀ ಅಡುಗೆ ಮಾಡಿ, ಹೋದ ವರ್ಷ ರಿಟೈರ್ ಆದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಅಜ್ಜಂಪುರದ ಕಡೆ ಅಣ್ಣನ ಮನೆಯಿದೆ, ಅಲ್ಲಿಗೆ ಹೋಗುವುದಿಲ್ಲ. ಹಾಸ್ಟೆಲ್ಲಿನ ಗೇಟು ಕಾಣುವ ಜಾಗ ಸಿಕ್ಕಿದರೆ ಸಾಕು ಅಂದಿದ್ದರು. ಅಲ್ಲಿ ನೋಡುವಂಥದ್ದು ಏನಿದೆಯೋ ಶಿವನೇ ಬಲ್ಲ ಅಂದುಕೊಂಡು ಕೋಣೆ ಕೊಟ್ಟೆ.

ಬಂದ ಕೆಲವೇ ತಿಂಗಳಲ್ಲಿ ಮನುಷ್ಯ ಕಡ್ಡಿಯಾದರು. ಷರಟು ಹೆಗಲಿನಿಂದ ಜಾರತೊಡಗಿತು. ಡಾಕ್ಟರ ಹತ್ತಿರ ಹೋಗಿ ಅಂತ ನಾನು ದಿನಾ ಗದರಿದೆ. ಕೊನೆಗೊಂದು ದಿನ ಬಾಯಿಬಿಟ್ಟರು.

"ಕಾಯಿಲೆ ಏನೂ ಇಲ್ಲ ಅಕ್ಕಾವ್ರೆ. ನಾಲ್ಕು ಜನ ಉಣ್ಣೋ ಸದ್ದು ಕೇಳ್ದೆ ಇದ್ರೆ ನಂಗೆ ತುತ್ತು ಇಳಿಯಲ್ಲ."

ಈ ವಯಸ್ಸಿನಲ್ಲಿ ಇದೆಂಥ ಒನಪು ಅಂತ ನನಗೆ ನಗು ಬಂತು. ನಾನೂ ಒಬ್ಬಳೇ ಉಣ್ಣುವವಳು. ಟಿ.ವಿ. ಹಾಕಿಕೊಂಡರೆ ಧಾರಾವಾಹಿಯ ಅತ್ತೆ ಸೊಸೆಯರು ಜೊತೆಗಿರುತ್ತಾರೆ, ಇಲ್ಲದಿದ್ದರೆ ಅವರೂ ಇಲ್ಲ. ಆದರೆ ಅವರು ಕೂತು ಹಳೆಯದನ್ನೆಲ್ಲ ಹೇಳಿದ ಮೇಲೆ ನಗು ಬರಲಿಲ್ಲ.

ಅವರು ಕೆಲಸಕ್ಕೆ ಸೇರಿದಾಗ ಹುಡುಗರು ಸಿಮೆಂಟು ನೆಲದ ಮೇಲೆ ಸಾಲಾಗಿ ಕೂರುತ್ತಿದ್ದರಂತೆ. ಶಿವನಿ, ಲಿಂಗದಹಳ್ಳಿ, ಎಲ್ಲೆಲ್ಲಿಯವೋ ಹಸಿದ ಹೊಟ್ಟೆಗಳು. ಮುದ್ದೆ ಬೀಳುವ ಸದ್ದು, ಸೌಟು ತಟ್ಟೆಗೆ ತಾಗುವ ಸದ್ದು, ಸಾರನ್ನು ಸೊರ್ರೆಂದು ಎಳೆಯುವ ಸದ್ದು. ಎಲ್ಲರದೂ ಮುಗಿಯುವ ಹೊತ್ತಿಗೆ, ಇನ್ನೂ ಒಂದಿಬ್ಬರು ಉಣ್ಣುತ್ತಿರುವಾಗ, ಪುಟ್ಟಯ್ಯ ಬಾಗಿಲು ತೆರೆದ ಅಡುಗೆಮನೆಯೊಳಗೆ ತಟ್ಟೆ ಹಾಕಿಕೊಳ್ಳುತ್ತಿದ್ದರು. ಅದೂ ಗೋಡೆಗೆ ಮುಖ ಮಾಡಿ. ಸೇರಿದ ಹೊಸದರಲ್ಲಿ ಅಂದಿನ ವಾರ್ಡನ್ ಹಾಗೆ ಕಟ್ಟುಪಾಡು ಮಾಡಿದ್ದರಂತೆ, ಎದುರಿಗೆ ಕೂತು ಉಂಡರೆ ಹುಡುಗರಿಗೆ ಮುಜುಗರವಾಗುತ್ತದೆ ಅಂತ. ಯಾಕೆ ಮುಜುಗರ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಪುಟ್ಟಯ್ಯನವರ ಕೇರಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅವರು ಬೇಯಿಸಿದ್ದನ್ನು ಉಣ್ಣಬಹುದು, ಅವರು ಉಣ್ಣುವುದನ್ನು ನೋಡಬಾರದು, ಎಂಥ ನ್ಯಾಯವೋ. ಆ ವಾರ್ಡನ್ ಹೋದರು, ಅವರ ನಂತರ ಎಷ್ಟೋ ಜನ ಬಂದು ಹೋದರು. ಇನ್ನು ಈ ಕಡೆ ತಿರುಗಿ ಕೂತ್ಕೋ ಅಂತ ಹೇಳಬೇಕು ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಮೇಜು ಬೆಂಚು ಬಂದವು. ಬಡಿಸುವುದು ನಿಂತು ತಟ್ಟೆ ಹಿಡಿದು ಕ್ಯೂ ನಿಲ್ಲುವುದಾಯಿತು. ಹುಡುಗರ ಎಡಗೈಗೆ ಮೊಬೈಲ್ ಬಂತು, ಮಾತು ಕಡಿಮೆಯಾಯಿತು. ಕೊನೆಗೆ ಊಟವೇ ಗುತ್ತಿಗೆಯವರ ಪಾಲಾಗಿ, ಕಡೂರಿನಿಂದ ವ್ಯಾನಿನಲ್ಲಿ ಬಿಸಿ ಡಬ್ಬಗಳು ಬರತೊಡಗಿದವು. ಹೆಚ್ಚಿನ ಹುಡುಗರು ತಟ್ಟೆ ತುಂಬಿಸಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪುಟ್ಟಯ್ಯ ಕೊನೆಯ ವರ್ಷಗಳಲ್ಲಿ ಬೇರೆ ಯಾರೋ ಮಾಡಿದ ಸಾರಿಗೆ ಸೌಟು ಹಿಡಿದು ನಿಂತು, ಅಲ್ಲೇ ಕೂತು ಉಣ್ಣುವ ಒಂದಿಬ್ಬರ ಸದ್ದಿಗೆ ತಾವೂ ಉಂಡರು. ಆ ದೊಡ್ಡ ಊಟದ ಮನೆಯಲ್ಲಿ ಈಗ ಮುರಿದ ಮಂಚಗಳಿವೆ.

ಒಂದು ಮಾತ್ರ ಬದಲಾಗಲಿಲ್ಲ. ಭಾನುವಾರ ಮಧ್ಯಾಹ್ನ ಪೂರಿ ಪಾಯಸ, ಸಂಜೆ ಊಟವಿಲ್ಲ. ಪುಟ್ಟಯ್ಯನವರ ತಲೆಯಲ್ಲಿ ಭಾನುವಾರ ಸಂಜೆಯ ಹುಡುಗರು ಈಗಲೂ ಬಾಳೆಹಣ್ಣು ತಿಂದು ನೀರು ಕುಡಿದು ಮಲಗುವವರೇ. ಅದಕ್ಕೇ ಒಂದು ಉಪಾಯ ಮಾಡಿದರು. ನನ್ನ ಅಂಗಡಿಗೆ ಬರುವ ಶಿವನಿಯ ಹುಡುಗ ರೇಣುಕಪ್ರಸಾದ್‌ನನ್ನು ಕರೆದು, ಭಾನುವಾರ ನಿನ್ನ ಗೆಳೆಯರನ್ನು ಕರೆದುಕೊಂಡು ಬಾ, ಬಸ್ಸಾರು ಮಾಡುತ್ತೇನೆ ಅಂದರು. ಅವನು ಖಂಡಿತ ಬತ್ತೀವಿ ಅಂದ. ಈ ಹುಡುಗರ ಖಂಡಿತ ನನಗೆ ಗೊತ್ತಿಲ್ಲದ್ದೇ? ನಾಳೆ ಖಂಡಿತ ತಗೊಂಡು ಹೋಗ್ತೀನಿ ಅಂದವರ ಪ್ರಾಜೆಕ್ಟುಗಳು ಇನ್ನೂ ನನ್ನ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ.

ಭಾನುವಾರ ಬೆಳಿಗ್ಗೆಯೇ ಸೊಪ್ಪು, ಕಾಳು ತಂದರು. ನನ್ನ ದೊಡ್ಡ ಪಾತ್ರೆ ಇಸಕೊಂಡರು, ತಟ್ಟೆಗಳನ್ನೂ ಇಸಕೊಂಡರು. ಮಧ್ಯಾಹ್ನದಿಂದ ಬೆಳ್ಳುಳ್ಳಿ, ಹುರಿದ ಜೀರಿಗೆಯ ವಾಸನೆ ಅಂಗಡಿಯವರೆಗೂ ಬಂತು. ಸಂಜೆ ಇಣುಕಿದರೆ ಚಾಪೆ ಹಾಸಿ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಆಮೇಲೆ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಗೇಟಿನ ಕಡೆ ನೋಡುತ್ತ ಕೂತರು.

ದೀಪ ಹಚ್ಚುವ ಹೊತ್ತಿಗೆ ಹುಡುಗರು ಗುಂಪಾಗಿ ಹೊರಬಂದರು. ಪುಟ್ಟಯ್ಯ ಎದ್ದು ಟವೆಲ್ಲು ಸರಿಮಾಡಿಕೊಂಡರು. ಗುಂಪು ಬಸ್‌ಸ್ಟ್ಯಾಂಡಿನ ಕಡೆಗೆ, ಎಗ್‌ರೈಸ್ ಗಾಡಿಯತ್ತ ತಿರುಗಿತು. ರೇಣುಕಪ್ರಸಾದ್ ಇವರನ್ನು ಕಂಡು ಅಲ್ಲಿಂದಲೇ ಕೈಯೆತ್ತಿದ.

"ಪುಟ್ಟಯ್ಯಣ್ಣ, ಇವತ್ತು ಶಶಿ ಬರ್ತ್‌ಡೇ ಪಾರ್ಟಿ. ಇನ್ನೊಂದ್ ದಿನ ಬತ್ತೀವಿ."

ಕೆಟ್ಟ ಹುಡುಗನಲ್ಲ ಅವನು, ಮರೆತಿದ್ದ ಅಷ್ಟೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಕರೆದು ಝಾಡಿಸಲು ಹೊರಟರೆ ಪುಟ್ಟಯ್ಯ ತಡೆದರು. ಮಕ್ಕಳು, ಬಿಡಿ ಅಂದರು. ಸಾರು ಹಾಳಾಗುತ್ತದೆ, ಒಂದು ಪಾತ್ರೆಗೆ ಹಾಕಿ ಕೊಡುತ್ತೇನೆ, ಮನೆಗೆ ಒಯ್ಯಿರಿ ಅಂದರು. ನಾನು ಅಂಗಡಿಯ ಷಟರ್ ಎಳೆದು, ಅವರ ಕೋಣೆಗೆ ಹೋಗಿ ಮೊದಲನೆಯ ತಟ್ಟೆಯ ಮುಂದೆ ಕೂತೆ.

ಬಡಿಸಿದರು. ಬಸ್ಸಾರು ಚೆನ್ನಾಗಿತ್ತು. ಮುದ್ದೆ ಮುಗಿಸಿದೆ, ಅನ್ನ ಮುಗಿಸಿದೆ, ಹೊಟ್ಟೆ ಬಿರಿಯುವಂತಾಯಿತು. ನೀವೂ ಕೂತುಕೊಳ್ಳಿ ಅಂತ ಎಷ್ಟು ಹೇಳಿದರೂ, ನನ್ನದು ಕೊನೆಗೆ ಅನ್ನುವುದೊಂದೇ ಉತ್ತರ. ಕೂರದಿದ್ದರೆ ಎದ್ದು ಹೋಗುತ್ತೇನೆ ಅಂತ ಹೆದರಿಸಿದ ಮೇಲೆ ತಟ್ಟೆ ಹಾಕಿಕೊಂಡರು. ನನ್ನ ಪಕ್ಕದಲ್ಲೇ ಕೂತರು. ಕೂತವರು ನನಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿದ್ದರು.

ಈ ಕಡೆ ತಿರುಗಿ ಅಂದೆ. ಅರ್ಧ ತಿರುಗಿದರು, ತುತ್ತು ಕೈಯಲ್ಲೇ ಉಳಿಯಿತು. ಮತ್ತೆ ಗೋಡೆಯ ಕಡೆಗೇ ಹೊರಳಿದರು.

"ಆಗಲ್ಲ ಅಕ್ಕಾವ್ರೆ. ನೀವು ಉಣ್ತಾ ಇರಿ. ಸದ್ದು ಕೇಳಿದ್ರೆ ಸಾಕು."

ನನ್ನದು ಆಗಲೇ ಮುಗಿದಿತ್ತು. ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ. ಖಾಲಿ ತಟ್ಟೆಗೆ ನಾನೇ ಒಂದು ಸೌಟು ಸಾರು ಸುರಿದುಕೊಂಡು ಸೊರ್ರೆಂದು ಎಳೆದೆ. ಆ ಬೆನ್ನು ಸ್ವಲ್ಪ ಬಾಗಿತು, ಪುಟ್ಟಯ್ಯ ಉಣ್ಣತೊಡಗಿದರು. ಅವರದು ಮುಗಿಯುವವರೆಗೂ ನಾನು ಸಾರು ಹಾಕಿಕೊಳ್ಳುತ್ತಲೇ ಇದ್ದೆ.