ಅಮ್ಮನಿಗೆ ಸೆಕೆಯಾಗಬಾರದೆಂದು

ಈ ಬೇಸಿಗೆಯಲ್ಲಿ ಕಾರು ಹತ್ತುವಾಗ ನನ್ನ ಅತ್ತೆ ಒಂದೇ ಒಂದು ಸಲ "ಅಬ್ಬಾ, ಏನ್ ಸೆಕೇನಪ್ಪಾ" ಅಂದರು. ಮುಂಬಯಿಯಲ್ಲಿ ಮೇ ತಿಂಗಳಲ್ಲಿ ಹಾಗೆ ಅನ್ನದವರು ಯಾರಿದ್ದಾರೆ? ಮದುವೆಯಾಗಿ ಬಂದಾಗಿನಿಂದ ನಾನೂ ಅಡಿಗೆಮನೆಯಲ್ಲಿ ನಿಂತು ಅದನ್ನೇ ಅನ್ನುತ್ತಿದ್ದೇನೆ. ಒಂದು ಎಕ್ಸಾಸ್ಟ್ ಫ್ಯಾನೂ ಬಂದಿಲ್ಲ. ತಾಯಿಯ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮವರ ತಲೆಯೊಳಗೆ ಹುಳ ಹೊಕ್ಕಿತು.

ಹುಳ ಬಿಟ್ಟವನು ಫೋರ್ಟ್ ಏರಿಯಾದಲ್ಲಿರುವ ಅವರ ಆಫೀಸಿನ ಸಹೋದ್ಯೋಗಿ. ತನ್ನ ಹೊಸ ಕಾರು, ತಾನು ಮನೆಯಲ್ಲಿ ಬೂಟು ಹಾಕಿಕೊಳ್ಳುವಷ್ಟರಲ್ಲಿ ಕೆಳಗೆ ತಾನೇ ಸ್ಟಾರ್ಟ್ ಆಗಿ ತಣ್ಣಗಾಗಿರುತ್ತದೆ ಎಂದು ಉಡುಪಿ ಹೋಟೆಲಿನಲ್ಲಿ ಕೊಚ್ಚಿಕೊಂಡನಂತೆ. ನಮ್ಮದು ಹಳೇ ಗೇರಿನ ಗಾಡಿ. "ನಮ್ಮದಕ್ಕೂ ಹೊರಗಡೆ ಗ್ಯಾರೇಜಲ್ಲಿ ರಿಮೋಟ್ ಸ್ಟಾರ್ಟರ್ ಹಾಕಿಸ್ಬಹುದು ಕಣೇ. ಬಾಲ್ಕನಿಯಿಂದ ಬಟನ್ ಒತ್ತಿದ್ರೆ ಎ.ಸಿ. ಶುರು. ಅಮ್ಮಂಗೆ ಎಷ್ಟು ಆರಾಮ!" ಅಂದರು. ಅಮ್ಮನ ಹೆಸರು ಮುಂದಿಟ್ಟ ಮೇಲೆ ನಾನೇನು ಹೇಳಲಿ?

ಅಮ್ಮನಿಗೆ ಬೇಕಾಗಿದ್ದದ್ದು ಬೇರೆ. ಬೈಕುಲ್ಲಾದ ವಠಾರದಂಥ ಚಾಳಿನಲ್ಲಿ ಅವರ ಅಕ್ಕನ ಒಂಟಿ ಕೋಣೆಯ ಖೋಲಿ ಇದೆ. ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲಿ ಅತ್ತೆ ಮಾವ ಸಂಸಾರ ಹೂಡಿದ್ದು ಆ ಒಂದು ಖೋಲಿಯ ಅರ್ಧದಲ್ಲಿ, ನಡುವೆ ಹಳೇ ಸೀರೆಯ ಪರದೆ ಕಟ್ಟಿಕೊಂಡು. ನಮ್ಮವರು ಹುಟ್ಟಿದ್ದೂ ಅಲ್ಲೇ. ಈಗ ಚಾಳು ಕೆಡವಿ ಟವರ್ ಕಟ್ಟುತ್ತಾರೆ. ತಿಂಗಳ ಕೊನೆಗೆ ಖೋಲಿಗೆ ಬೀಗ ಹಾಕಿ, ಕೀ ಬಿಲ್ಡರಿಗೆ ಕೊಟ್ಟು ದೊಡ್ಡಮ್ಮ ಮಗನ ಜೊತೆ ಪುಣೆಗೆ ಹೋಗುವವರು. "ಕೆಡವೋದ್ರೊಳಗೆ ಅಕ್ಕನ ಜೊತೆ ಒಂದ್ಸಲ ಅಲ್ಲಿ ಕೂತು ಬರ್ಬೇಕು ಕಣೋ" ಎಂದು ಅತ್ತೆ ಕೇಳಿದ್ದು ಅಷ್ಟೇ.

"ಖಂಡಿತಾ ಅಮ್ಮಾ. ಆದ್ರೆ ಬೊರಿವಲಿಯಿಂದ ಅಷ್ಟು ದೂರ, ಈ ಸೆಕೇಲಿ! ಮೊದ್ಲು ಗಾಡಿಗೆ ರಿಮೋಟ್ ಹಾಕಿಸಿಬಿಡ್ತೀನಿ" ಅಂದರು ಮಗರಾಯರು.

ಅದನ್ನು ಹಾಕುವ ಮಿಸ್ತ್ರಿ ಸಿಕ್ಕಿದ್ದೆಲ್ಲಿ ಅಂತೀರಿ? ಬೈಕುಲ್ಲಾದಲ್ಲಿ! ದೊಡ್ಡಮ್ಮನ ಚಾಳಿನ ಹಿಂದಿನ ಗಲ್ಲಿಯಲ್ಲಿ! ಭಾನುವಾರ ಹೊರಟು ನಿಂತಾಗ, "ಹೇಗೂ ಅಲ್ಲಿಗೇ ಹೋಗ್ತಿದೀರಲ್ಲ, ಅಮ್ಮನ್ನೂ ಕರ್ಕೊಂಡು ಹೋಗೋಣ" ಅಂದೆ. ನಮ್ಮವರು ನನ್ನನ್ನು ದಡ್ಡಿಯ ಹಾಗೆ ನೋಡಿದರು. "ಈಗ್ಲೇ? ಸೆಕೇಲಿ? ಮತ್ತೆ ಇದನ್ನ ಹಾಕಿಸ್ತಿರೋದಾದ್ರೂ ಯಾಕೆ?" ಹಣೆ ಚಚ್ಚಿಕೊಂಡು ನಾನೊಬ್ಬಳೇ ಜೊತೆಗೆ ಹೋದೆ.

ಮಿಸ್ತ್ರಿ ವಿಜಾಪುರದ ಕಡೆಯವನು. ಬಾಯಿ ಬೊಂಬಾಯಿ. "ಸಾಹೇಬ್ರ, ನೀವ್ ಮ್ಯಾಲ ಕುಂತ್ ಬಟನ್ ಒತ್ರಿ, ಗಾಡಿ ಕೆಳಗ ಗುರ್ ಅಂತೈತಿ. ಬಾಜೂ ಬಿಲ್ಡಿಂಗಿನವ್ರು ಹೊಟ್ಟಿ ಉರ್ಕೋಬೇಕು, ಹಂಗ್ ಮಾಡ್ತೀನಿ" ಅಂದ. ಸ್ಟೇರಿಂಗಿನ ಕೆಳಗಿನ ವೈರುಗಳನ್ನೆಲ್ಲ ಹೊರಗೆಳೆದ. ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತ ಸಂಜೆ ಮಾಡಿದರು.

ಮನೆಗೆ ಬಂದು ನಾಲ್ಕನೇ ಮಾಳಿಗೆಯಿಂದ ಒತ್ತಿದರೆ ಗುರ್ ಇಲ್ಲ, ಮರ್ ಇಲ್ಲ. ಸಿಗ್ನಲ್ ಅಷ್ಟು ದೂರ ಮುಟ್ಟುತ್ತಿಲ್ಲವಂತೆ. ಮುಂದಿನ ಭಾನುವಾರ ಆಂಟೆನಾ ಬದಲಾಯಿಸಲು ನಮ್ಮವರೊಬ್ಬರೇ ಮತ್ತೆ ಬೈಕುಲ್ಲಾಗೆ. ಈ ಸಲ ಅತ್ತೆ ಮಗನ ಕೈಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು, "ಅಕ್ಕಂಗೆ ಕೊಟ್ಬಿಡು" ಅಂದರು. ಡಬ್ಬಿ ಖಾಲಿಯಾಗಿ ಬಂತು. ದೊಡ್ಡಮ್ಮನಿಗೆ ಸೇರಿತೇ ಎಂದರೆ, "ಚಾಳು ಹತ್ತೋಕೆ ಟೈಮ್ ಎಲ್ಲಿತ್ತು? ಮಿಸ್ತ್ರಿ ಹಸ್ಕೊಂಡಿದ್ದ, ತುಂಬಾ ಇಷ್ಟ ಆಯ್ತಂತೆ" ಅಂದರು. ಮೈ ಉರಿದುಹೋಯಿತು ನನಗೆ. ಅತ್ತೆ ಡಬ್ಬಿ ತೊಳೆದು ಬೋರಲು ಹಾಕಿದರು.

ಆಮೇಲೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಫೋನ್ ಮಾಡಿದರೆ ಮಿಸ್ತ್ರಿ, "ಹ್ಯಾಂಡ್‌ಬ್ರೇಕ್ ಎತ್ತಿರಬೇಕ್ರೀ ಸಾಹೇಬ್ರ, ಇಲ್ಲಂದ್ರ ಬಂದ್ ಬೀಳತೈತಿ" ಅಂದ. ನಮ್ಮ ಬಿಲ್ಡಿಂಗಿನಲ್ಲಿ ಕಾರುಗಳು ಒಂದರ ಹಿಂದೊಂದು ಒತ್ತಿಕೊಂಡು ನಿಲ್ಲುತ್ತವೆ. ಎಲ್ಲರೂ ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿಯೇ ಹೋಗಬೇಕು. ಒಳಗಿನ ಗಾಡಿ ಹೊರಡಬೇಕಾದರೆ ವಾಚ್‌ಮನ್ ಹೊರಗಿನದನ್ನು ಕೈಯಿಂದ ನೂಕುತ್ತಾನೆ. ಸೊಸೈಟಿಯಲ್ಲಿ ಜಗಳವಿಲ್ಲದೆ ನಡೆಯುವ ಏಕೈಕ ವ್ಯವಸ್ಥೆ ಅದು. ನಮ್ಮವರು ಅದಕ್ಕೂ ಕಲ್ಲು ಹಾಕಿದರು.

ಕೊನೆಯ ಭಾನುವಾರ ಬಂತು. ಮಾರನೆಯ ದಿನ ಖೋಲಿಗೆ ಬೀಗ. ಅತ್ತೆ ಊಟ ಮುಗಿಸಿ ಜರಿಯಂಚಿನ ಸೀರೆಯುಟ್ಟು, ಹೊಸದಾಗಿ ಕರಿದ ಕೋಡುಬಳೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತರು. ನಮ್ಮವರು ಕೆಳಗೆ ಹೋಗಿ ಹ್ಯಾಂಡ್‌ಬ್ರೇಕ್ ಎತ್ತಿ ಬಂದರು. ಬಾಲ್ಕನಿಯಲ್ಲಿ ನಿಂತು ಬಟನ್ ಒತ್ತಿದರು. ಗುರ್ ಅಂತು! "ಹತ್ತೇ ನಿಮಿಷ ಅಮ್ಮಾ, ತಣ್ಣಗಾಗ್ಲಿ" ಎಂದು ಕುಣಿದಾಡಿದರು.

ಅಷ್ಟರಲ್ಲಿ ಕೆಳಗೆ ಗದ್ದಲ. ನಮ್ಮ ಗಾಡಿಯ ಹಿಂದೆ ಸಿಕ್ಕಿಕೊಂಡದ್ದು ಸೊಸೈಟಿ ಸೆಕ್ರೆಟರಿಯ ಕಾರು. ವಾಚ್‌ಮನ್ ಅಲುಗದ ನಮ್ಮ ಗಾಡಿಯನ್ನು ನೂಕಿ ನೂಕಿ ಬೆವರಿಳಿಸುತ್ತ, "ಸಾಬ್, ಹಿಲ್ತಾ ಹೀ ನಹೀ" ಅಂದ. ನಮ್ಮವರು ಕೆಳಗೆ ಓಡಿದರು. ಹ್ಯಾಂಡ್‌ಬ್ರೇಕ್ ಇಳಿಸಿದರೆ ಮುಗಿಯಿತು ತಾನೇ? ಇಳಿಸಿದರೆ ಗಾಡಿ ಆಫ್ ಆಗುತ್ತದಲ್ಲ! "ಪ್ಲೀಸ್, ದಸ್ ಮಿನಿಟ್, ಮಾ ಕೇ ಲಿಯೇ" ಎಂದು ಅಮ್ಮನ ಹೆಸರು ಹೇಳಿ ಸೆಕ್ರೆಟರಿಯ ಮುಂದೆ ಕೈಮುಗಿದು ನಿಂತರು. ಆತ ಮರಾಠಿಯಲ್ಲಿ ಜನ್ಮ ಜಾಲಾಡುತ್ತಿದ್ದ.

ಅತ್ತೆ ಬಾಲ್ಕನಿಯಿಂದ ಅದನ್ನೊಮ್ಮೆ ನೋಡಿದರು. ಒಳಗೆ ಬಂದು ಚಪ್ಪಲಿ ಮೆಟ್ಟಿದರು. "ಬಾಮ್ಮ, ನಾವು ಹೋಗೋಣ" ಅಂದರು.

ಪಕ್ಕದ ಗೇಟಿನಿಂದ ಆಚೆ ಬಂದು ಆಟೋ ಹತ್ತಿ ಸ್ಟೇಷನ್ನಿಗೆ ಹೋದೆವು. ಭಾನುವಾರದ ಲೋಕಲ್‌ನಲ್ಲಿ ಲೇಡೀಸ್ ಡಬ್ಬಿಯ ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ಬಿಸಿ ಗಾಳಿ ಮುಖಕ್ಕೆ ರಾಚುತ್ತಿದ್ದರೂ ಅತ್ತೆ ಕಿಟಕಿ ಬಿಡಲಿಲ್ಲ. ನನ್ನ ಫೋನ್ ರಿಂಗಾಯಿತು. "ತೆಗೀಬೇಡ, ಗಾಡಿ ಇನ್ನೂ ತಣ್ಣಗಾಗ್ತಿರ್ಬೇಕು" ಎಂದು ನಕ್ಕರು. ದಾದರಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು.

ಖೋಲಿಯಲ್ಲಿ ಸಾಮಾನೆಲ್ಲ ಗಂಟು ಕಟ್ಟಿತ್ತು. ಅಕ್ಕ ತಂಗಿ ಬರೀ ನೆಲದ ಮೇಲೆ ಗೋಡೆಗೊರಗಿ ಕೂತು ಕೋಡುಬಳೆ ಮುರಿದರು. ಅತ್ತೆ ಗೋಡೆಯ ಒಂದು ಮೊಳೆ ತೋರಿಸಿ, "ಪರದೆ ಕಟ್ತಿದ್ದಿದ್ದು ಇದಕ್ಕೇನೇ" ಅಂದರು. ದೊಡ್ಡಮ್ಮ ಅವರ ಕೈ ಹಿಡಿದುಕೊಂಡರು. ನನಗೆ ದುಃಖ ಉಕ್ಕಿ ಬಂತು.

ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಅತ್ತೆಯೇ ತೆಗೆದುಕೊಂಡರು. "ಅಮ್ಮಾ, ಎಲ್ಲಿದೀಯಾ? ಈ ಸೆಕೇಲಿ..." ಎಂಬ ಕೂಗು ನನಗೂ ಕೇಳಿಸಿತು.

"ನೀನು ಹುಟ್ಟಿದ ಖೋಲೀಲಿದೀನಿ ಕಣೋ" ಅಂದರು ಅತ್ತೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ಫ್ಯಾನೂ ಬಿಚ್ಚಿಟ್ಟಿದಾರೆ. ನಂಗೇನೂ ಸೆಕೆ ಆಗ್ತಿಲ್ಲ. ನೀನು ಆ ಗಾಡಿ ಆಫ್ ಮಾಡಿ ಟ್ರೇನ್ ಹತ್ತಿ ಬಾ. ನಾಳೆ ಇದಕ್ಕೆ ಬೀಗ."